ಮಾವ್ಶಿ ಹೇಳಿದ್ದು

ಫೋಟೋದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಗ್ಲ್ಯಾಡಿಸಳ ಕೈ. ಗಾಲಿಕುರ್ಚಿಯಲ್ಲಿ ಕುಳಿತ ಅಪೊಲೋನಿಯಾ ಮಾವ್ಶಿಯ ಹೆಗಲ ಮೇಲೆ, ಜರಿಯಂಚಿನ ಶಾಲಿನ ಮೇಲೆ, ಐದೂ ಬೆರಳುಗಳನ್ನು ಅಗಲಿಸಿ ಒತ್ತಿಟ್ಟ ಕೈ. ಕೆಳಗಿನ ಸಾಲು ಹೀಗಿತ್ತು: ಕಾಪುವಿನಲ್ಲಿ ಸನ್ಮಾನಗೊಂಡ ಗೋವಾ ವಿಮೋಚನಾ ಹೋರಾಟಗಾರ್ತಿ ಅಪೊಲೋನಿಯಾ ಅವರ ಜಾರುತ್ತಿದ್ದ ಶಾಲನ್ನು ತಂಗಿಯ ಮಗಳು, ನಿವೃತ್ತ ಕನ್ನಡ ಶಿಕ್ಷಕಿ ಗ್ಲ್ಯಾಡಿಸ್ ಸರಿಪಡಿಸುತ್ತಿರುವುದು. ಜಾರುತ್ತಿದ್ದ. ಕಲ್ಯಾಣಪುರದ ಹೈಸ್ಕೂಲಿನಲ್ಲಿ ಜೀವಮಾನವಿಡೀ ಸಕರ್ಮಕ ಅಕರ್ಮಕ ಕ್ರಿಯಾಪದಗಳ ಪಾಠ ಮಾಡಿದ ಅವಳಿಗೆ ಆ ಪದ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಜಾರುವುದು ತಾನಾಗಿ ಆಗುವಂಥದು. ಮಾವ್ಶಿಯ ಹೆಗಲಿನಿಂದ ಶಾಲು ತಾನಾಗಿ ಜಾರಿರಲಿಲ್ಲ. ಮಾವ್ಶಿ ಅದನ್ನು ತೆಗೆಯುತ್ತಿದ್ದಳು. ಪಾರ್ಶ್ವವಾಯು ಹೊಡೆದ ಬಲಗೈ ತೊಡೆಯ ಮೇಲೆ ಬಿದ್ದಿತ್ತು, ಎಡಗೈಯೊಂದರಿಂದಲೇ ಎಳೆಯುತ್ತಿದ್ದಳು. ಆ ಎಳೆತದ ವಿರುದ್ಧ ಗ್ಲ್ಯಾಡಿಸಳ ಕೈ ಒತ್ತಿತ್ತು, ನಗುತ್ತಾ ಒತ್ತಿತ್ತು. ಎಂಬತ್ತೊಂಬತ್ತು ವರ್ಷದ ಆ ಎಡಗೈಯಲ್ಲಿ ಅಷ್ಟು ಬಲ ಉಂಟೆಂದು ಅವಳಿಗೆ ಗೊತ್ತಿರಲಿಲ್ಲ.

"ಪೇಪರು ಬಂತಾ?" ಒಳಕೋಣೆಯಿಂದ ಮಾವ್ಶಿ ಕೊಂಕಣಿಯಲ್ಲಿ ಕೇಳಿದಳು. ಗ್ಲ್ಯಾಡಿಸ್ ಪೇಪರನ್ನು ಮಡಚಿ ಅಕ್ಕಿಡಬ್ಬದ ಹಿಂದೆ ಸೇರಿಸಿ, "ಇವತ್ತು ಹಾಕಿ ಹೋಗಲಿಲ್ಲ ಕಾಣ್ತದೆ" ಎಂದಳು. ಹೇಳಿದ ಮೇಲೆ ಅವಳಿಗೆ ತನ್ನ ನಾಲಗೆಯ ಮೇಲೆಯೇ ಆಶ್ಚರ್ಯವಾಯಿತು. ಎಷ್ಟು ಸಲೀಸಾಗಿ ಬರುತ್ತದೆ ಇದಕ್ಕೆ. ಗಂಜಿಗೆ ಉಪ್ಪು ಹಾಕಿದಳೋ ಇಲ್ಲವೋ ಮರೆತುಹೋಗಿ ಮತ್ತೊಮ್ಮೆ ಹಾಕಿದಳು. ಬೆಳಗಿನಿಂದ ಫೋನುಗಳು. ಇಗರ್ಜಿಯ ಪಾಲನಾ ಮಂಡಳಿಯ ಉಪಾಧ್ಯಕ್ಷ ವಿಲ್ಫ್ರೆಡ್ ಎಲ್ಲರಿಗಿಂತ ಮೊದಲು ಮಾಡಿದ್ದ. ನಿನ್ನೆ ಸಭೆಯಲ್ಲಿ ಮೂರನೆಯ ಸಾಲಿನಲ್ಲಿದ್ದವನು. "ನೀನು ಇಲ್ಲದಿದ್ದರೆ ನಿನ್ನೆ ನಮ್ಮ ಕಥೆ ಮುಗೀತಿತ್ತು ಮಾರಾಯ್ತಿ. ಮುದುಕಿ ಬಾಯಿ ತೆರೆದಾಗ ನನ್ನ ಎದೆಯೇ ನಿಂತಿತು. ನೀನು ಸರಿಯಾಗಿ ತಿರುಗಿಸಿದ್ದಿ. ಸಿಮಿತ್ರಿಯ ದಾರಿಯದ್ದು ಇನ್ನು ಹೆಚ್ಚು ಕಮ್ಮಿ ಆಯ್ತು ಅಂತಲೇ." ಹೊಸ ಸ್ಮಶಾನಕ್ಕೆ ಹೋಗುವ ದಾರಿಗೆ ಒಪ್ಪಿಗೆ ಸಿಗದೆ ಎರಡು ಮಳೆಗಾಲ ಕಳೆದಿತ್ತು, ಹೆಣವನ್ನು ಗದ್ದೆಯ ಅಂಚಿನಲ್ಲಿ ಹೊತ್ತು ಒಯ್ಯಬೇಕಿತ್ತು. ಒಪ್ಪಿಗೆ ಕೊಡಿಸಬಲ್ಲವರೆಲ್ಲ ನಿನ್ನೆಯ ವೇದಿಕೆಯ ಮೇಲಿದ್ದರು. ಅವಳು "ಹೌದಾ" ಎಂದಿದ್ದಳು. ಅಷ್ಟೇ ಅಲ್ಲ, ಆ ಹೊಗಳಿಕೆ ಒಳಗೆಲ್ಲೋ ಒಂದು ಕ್ಷಣ ಬೆಚ್ಚಗೆ ಹರಡಿತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತಿತ್ತು.

ಕನ್ನಡಕ್ಕಾಗಿ ಅವಳನ್ನು ಹೊಗಳಿದವರೇ ಎಲ್ಲರೂ. ಕ್ರಿಸ್ತುವರಾದರೂ ಎಂಥ ಶುದ್ಧ ಕನ್ನಡ ನಿಮ್ಮದು ಎಂದು ಉಡುಪಿಯ ಒಂದು ಸಮಾರಂಭದಲ್ಲಿ ಯಾರೋ ಅಂದಾಗ ಆ 'ಆದರೂ' ಅವಳಿಗೆ ಕೇಳಿಸಿಯೂ ಕೇಳಿಸಿರಲಿಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ಸೆರಗು ಬಿಚ್ಚುವಾಗ ಕೇಳಿಸಿತ್ತು. ಯೋಗೀಶನೂ ಅದನ್ನೇ ಹೇಳಿಕೊಂಡು ಬಂದದ್ದು. ಅವಳ ಹಳೆಯ ವಿದ್ಯಾರ್ಥಿ, ಸಂತೆಕಟ್ಟೆಯ ಹುಡುಗ, ಈಗ ಕಾಪುವಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಅಲ್ಲಿಯ ಉತ್ಸವ ಸಮಿತಿಯ ಕಾರ್ಯದರ್ಶಿಯಾಗಿದ್ದಾನೆ. ಬಂದವನೇ ಕಾಲು ಮುಟ್ಟಿದ. "ಸ್ವಾತಂತ್ರ್ಯೋತ್ಸವದ ವಾರ ಮೈದಾನದಲ್ಲಿ ಮಾರಾಟ ಮೇಳ ಇಟ್ಟಿದ್ದೇವೆ ಟೀಚರ್, ಉದ್ಘಾಟನೆಯ ದಿನ ನಿಮ್ಮ ಮಾವ್ಶಿಗೆ ಸನ್ಮಾನ ಮಾಡುವ ಅಂತ. ಇಷ್ಟು ದೊಡ್ಡವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ ಅಂತ ಯಾರಿಗೂ ಗೊತ್ತೇ ಇರಲಿಲ್ಲ." ಗ್ಲ್ಯಾಡಿಸಳಿಗೂ ಎಷ್ಟು ಗೊತ್ತಿತ್ತು? ಚಿಕ್ಕವಳಿದ್ದಾಗ ಕಾರ್ಕಳದ ಅತ್ತೂರಿನ ಹಬ್ಬಕ್ಕೆ ಹೋದಾಗ, ಮೇಣದಬತ್ತಿ ಕೊಳ್ಳುವವರ ನೂಕಿನಲ್ಲಿ ಬಿಳಿ ಸೀರೆಯ ತೆಳ್ಳನೆಯ ಹೆಂಗಸೊಬ್ಬಳು ಇವರ ಕಡೆ ನೋಡಿ ನಿಂತಳು. ಅಮ್ಮ ಮಗಳ ರಟ್ಟೆ ಹಿಡಿದು ಇನ್ನೊಂದು ಬಾಗಿಲಿಗೆ ಎಳೆದುಕೊಂಡು ಹೋದಳು. ಯಾರಮ್ಮ ಅದು? ಯಾರೂ ಅಲ್ಲ. ಆ ಯಾರೂ ಅಲ್ಲದವಳು ಕಾರ್ಕಳದ ಶಾಲೆಯೊಂದರಲ್ಲಿ ಪಾಠ ಮಾಡುತ್ತಾ, ಬಾಡಿಗೆಯ ಒಂದು ಕೋಣೆಯಲ್ಲಿ ಒಬ್ಬಳೇ ಇರುವ ಅಮ್ಮನ ಅಕ್ಕ ಎಂದು ತಿಳಿಯಲು ಗ್ಲ್ಯಾಡಿಸಳಿಗೆ ಮದುವೆಯ ವಯಸ್ಸಾಗಬೇಕಾಯಿತು. ಮನೆಯವಳು ಯಾಕೆ ಹೊರಗಾದಳೆಂದು ಸಾಯುವ ಮೊದಲು ಅಮ್ಮ ಹೇಳಿದಳು, ಅದೂ ಅರ್ಧ.

ಉಳಿದ ಅರ್ಧ ಮಾವ್ಶಿಯಿಂದಲೇ ಕೇಳಿದ್ದು. ಹತ್ತೊಂಬತ್ತರ ವಯಸ್ಸು, ಶಿಕ್ಷಕಿಯ ತರಬೇತಿ ಮುಗಿಸಿದ ಮಳೆಗಾಲ. ಗೋವೆಯಲ್ಲಿ ಇನ್ನೂ ಪೋರ್ತುಗೀಸರಿದ್ದರು. ಸತ್ಯಾಗ್ರಹಿಗಳು ನಾಲ್ಕೂ ದಿಕ್ಕಿನಿಂದ ಗಡಿಗೆ ನಡೆಯುತ್ತಿದ್ದರು. ಕಲ್ಯಾಣಪುರದ ಇಗರ್ಜಿಯಲ್ಲಿ ಪಾದ್ರಿ ಹೆಸರು ಎತ್ತದೆಯೇ ಶರಮಾಂವಿನಲ್ಲಿ, ಪೂಜೆಯ ನಡುವಿನ ಪ್ರವಚನದಲ್ಲಿ, ಹೇಳಿದರು, ಕ್ರಿಸ್ತುವರ ರಾಜ್ಯದ ಮೇಲೆ ಕ್ರಿಸ್ತುವರೇ ಹೋಗುವುದು ತಾಯಿಯ ಎದೆಗೆ ಒದ್ದಂತೆ ಎಂದು. ಎಲ್ಲರೂ ಅಪೊಲೋನಿಯಾಳ ಕಡೆ ತಿರುಗಿದರು. "ನಮ್ಮ ಹಿರಿಯರು ಗೋವೆಯಿಂದ ಓಡಿ ಬಂದವರು," ಎಂದಳಂತೆ ಅವಳು ಮನೆಯಲ್ಲಿ. "ಒಬ್ಬಳಾದರೂ ನಡೆದುಕೊಂಡು ಹಿಂದೆ ಹೋಗಬೇಡವಾ?" ಹೋದಳು. ಕಾರವಾರದಾಚೆ ಮಾಜಾಳಿಯಲ್ಲಿ ಅವರಿಗೆ ಕಲಿಸಿದ್ದು ಎರಡೇ: ಕೈ ಎತ್ತಬಾರದು, ಓಡಬಾರದು. ಕೆಂಪು ಕೆಸರಿನ ದಾರಿ, ಮಳೆ, ಮುಂದೆ ಬಂದೂಕು ಹಿಡಿದ ಪೊಲೀಸರು. ಬಾವುಟ ಹಿಡಿದ ಕೈಯ ಮಣಿಕಟ್ಟಿಗೆ ಬಂದೂಕಿನ ಹಿಡಿಯಿಂದ ಹೊಡೆದವನು ಗೋವೆಯವನೇ. "ಮನೆಗೆ ಹೋಗು ಬಾಯೆ, ಸುಮ್ಮನೆ ಸಾಯಬೇಡ ಅಂತ ಕೊಂಕಣಿಯಲ್ಲಿ ಹೇಳಿಕೊಂಡೇ ಹೊಡೆದ," ಎನ್ನುತ್ತಿದ್ದಳು ಮಾವ್ಶಿ, ಸಿಟ್ಟಿಲ್ಲದೆ. "ಅವನ ಕೊಂಕಣಿ ಎಷ್ಟು ಚಂದ ಇತ್ತು ಗೊತ್ತುಂಟಾ?" ಗಡಿಯ ಈಚೆ ತಂದು ಎಸೆದುಹೋದಾಗ ಅವಳನ್ನು ಎತ್ತಿದವನು ಕಾಪುವಿನ ಸುಲೈಮಾನ್ ಬ್ಯಾರಿ, ಕಾರವಾರಕ್ಕೆ ತೆಂಗಿನಕಾಯಿ ಸಾಗಿಸುತ್ತಿದ್ದ ಲಾರಿಯವನು. ಒಂದೊಂದೇ ಹೊಳೆಯನ್ನು ಜಂಗಲಿನ ಮೇಲೆ, ಜೋಡಿಸಿ ಕಟ್ಟಿದ ದೋಣಿಗಳ ಮೇಲೆ, ಲಾರಿಯ ಸಮೇತ ದಾಟಿಸಿಕೊಂಡು, ಮುರಿದ ಕೈಗೆ ತನ್ನ ಮುಂಡಾಸು ಕಟ್ಟಿ, ಕಲ್ಯಾಣಪುರದ ಅವಳ ಮನೆಯ ಅಂಗಳಕ್ಕೆ ತಂದುಬಿಟ್ಟ. ಅಪ್ಪ ಬಾಗಿಲು ತೆರೆಯಲಿಲ್ಲ. ಚಿಲಕ ಹಾಕಿದವಳು ಹದಿಮೂರು ವರ್ಷದ ತಂಗಿ, ಗ್ಲ್ಯಾಡಿಸಳ ಅಮ್ಮ. ಸುಲೈಮಾನ್ ಮಳೆಯಲ್ಲಿ ನಿಂತು ಮೂರು ಸಲ ಕೂಗಿದನಂತೆ. ಆಮೇಲೆ ಅವಳನ್ನು ಮತ್ತೆ ಲಾರಿಗೆ ಹತ್ತಿಸಿ ಕಾಪುವಿಗೆ, ತನ್ನ ಮನೆಗೆ, ತನ್ನ ಹೆಂಡತಿಯ ಬಳಿಗೆ ಕರೆದುಕೊಂಡು ಹೋದ. ಕೈ ಕೂಡುವ ತನಕ, ಕಾರ್ಕಳದಲ್ಲಿ ಕೆಲಸ ಸಿಗುವ ತನಕ ಆ ಮನೆಯಲ್ಲಿ ಅವಳು ಮಗಳಂತೆ ಇದ್ದಳು. ರೋಸರಿ ಹೇಳಿಕೊಳ್ಳಲು ಅವಳಿಗೊಂದು ಮೂಲೆ ಬಿಟ್ಟುಕೊಟ್ಟಿದ್ದರು.

ಮಣಿಪಾಲದ ಆಸ್ಪತ್ರೆಯಿಂದ ಮಾವ್ಶಿಯನ್ನು ಮನೆಗೆ ತಂದದ್ದೇ ಗ್ಲ್ಯಾಡಿಸ್ ತನ್ನ ಬಗ್ಗೆ ಹೇಳಿಕೊಳ್ಳಬಹುದಾದ ಒಂದು ಒಳ್ಳೆಯ ಮಾತು. ಮಾತಿನ ಚಿಕಿತ್ಸೆ ಮಾಡುವ ಹುಡುಗಿ ಹೇಳಿದ್ದಳು, ಮನೆಮಾತು ಮೊದಲು ಮರಳುತ್ತದೆ, ಉಳಿದದ್ದು ಆಮೇಲೆ, ಬಂದರೆ ಬಂತು. ಕಾರ್ಕಳದ ಮಕ್ಕಳಿಗೆ ಅಷ್ಟು ವರ್ಷ ಕನ್ನಡದಲ್ಲೇ ಪಾಠ ಹೇಳಿದ ಬಾಯಿಗೆ ಕೊಂಕಣಿ ಮಾತ್ರ ಬಂತು. ಕೇಳಿದ್ದೆಲ್ಲ, ಕನ್ನಡವೂ, ಅರ್ಥವಾಗುತ್ತಿತ್ತು. ಆದ್ದರಿಂದಲೇ ಯೋಗೀಶ ಅಂದದ್ದು: "ಅಮ್ಮ ಕೊಂಕಣಿಯಲ್ಲಿ ಎರಡು ಮಾತು ಆಡಲಿ, ನೀವು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಿ ಟೀಚರ್. ನಿಮ್ಮ ಕನ್ನಡ ಅಂದ್ರೆ ಕೇಳಬೇಕಾ!" ಎರಡು ದಿನದ ಹಿಂದೆ ಸುಹೈಲ್ ಬಂದಿದ್ದ. ಸುಲೈಮಾನನ ಮೊಮ್ಮಗ, ತಿಂಗಳಿಗೊಮ್ಮೆಯಾದರೂ ಹೆಂಡತಿ ಮಾಡಿಕೊಟ್ಟ ಅಕ್ಕಿರೊಟ್ಟಿ ಹಿಡಿದುಕೊಂಡು ಮಾವ್ಶಿಯನ್ನು ನೋಡಲು ಬರುವವನು. ಕಾಪುವಿನ ಆ ಮೈದಾನದ ಮೇಳದಲ್ಲಿ ಪ್ರತಿವರ್ಷವೂ ಅವನದೊಂದು ಕಬ್ಬಿನ ಹಾಲಿನ ಅಂಗಡಿ. "ಅಂಗಡಿ ತಯಾರಾಯ್ತಾ?" ಎಂದು ಮಾವ್ಶಿ ಕೇಳಿದಳು. ಅವನು ನೆಲ ನೋಡಿದ. ಈ ವರ್ಷ ನಮ್ಮವರಿಗೆ ಅಂಗಡಿ ಬೇಡ ಅಂತ ತೀರ್ಮಾನ ಆಗಿದೆಯಂತೆ ಟೀಚರಮ್ಮ, ಫೋನ್ ಬಂತು, ಎಂದ. ಗ್ಲ್ಯಾಡಿಸ್ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಳು. ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ಸಕ್ಕರೆ ಎಷ್ಟು ಎಂದು ಕೂಗಿ ಕೇಳಿದಳು.

ನಿನ್ನೆ ಕಾರಿನಲ್ಲಿ ಹೆದ್ದಾರಿ ಹಿಡಿದು ಕಾಪುವಿಗೆ ಹೋಗುವಾಗ ಮಾವ್ಶಿ ಮಾತಾಡಲಿಲ್ಲ, ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆಯೆಂದು ಗ್ಲ್ಯಾಡಿಸ್ ಅಂದುಕೊಂಡಳು. ಸಭೆಯಲ್ಲಿ ಮುಖ್ಯ ಭಾಷಣ ಮಾಡಿದವರು, ಎಲ್ಲ ಕ್ರೈಸ್ತರೂ ಈ ತಾಯಿಯ ಹಾಗೆ ಇದ್ದಿದ್ದರೆ ಈ ದೇಶಕ್ಕೆ ಎಂತ ತೊಂದರೆ ಇತ್ತು, ಎಂದರು. ಚಪ್ಪಾಳೆ ಬಿತ್ತು. ಗ್ಲ್ಯಾಡಿಸಳ ಕೈಗಳೂ ಒಂದಕ್ಕೊಂದು ಬಡಿದುಕೊಂಡವು. ಮೂರನೆಯ ಸಾಲಿನಲ್ಲಿ ವಿಲ್ಫ್ರೆಡನ ಕೈಗಳೂ. ಹಾರ, ಹಣ್ಣಿನ ಬುಟ್ಟಿ, ಶಾಲು. ಮೈಕನ್ನು ಬಾಯಿಯ ಹತ್ತಿರ ಹಿಡಿದರು. ಮಾವ್ಶಿ ಒಂದೊಂದೇ ಪದವನ್ನು ಭಾರದ ಕಲ್ಲಿನಂತೆ ಎತ್ತಿ ಇಟ್ಟಳು. "ನನ್ನನ್ನು ಹೊಡೆದವನು ಕ್ರಿಸ್ತುವ. ಎತ್ತಿಕೊಂಡವನು ಈ ಊರಿನ ಸುಲೈಮಾನ್ ಬ್ಯಾರಿ. ನನ್ನ ಅಪ್ಪನ ಬಾಗಿಲು ತೆರೆಯಲಿಲ್ಲ, ಅವನ ಬಾಗಿಲು ತೆರೆಯಿತು. ಅವನ ಮೊಮ್ಮಗನಿಗೆ ಈ ಮೈದಾನದಲ್ಲಿ ನೀವು ಜಾಗ ಇಲ್ಲ ಅಂದಿರಿ. ಅವನಿಗೆ ಇಲ್ಲದ ಜಾಗ ನನಗೂ ಬೇಡ. ಈ ಶಾಲು ಬೇಡ." ಎಡಗೈ ಹೆಗಲಿಗೆ ಹೋಯಿತು. ಸಭೆ ಗ್ಲ್ಯಾಡಿಸಳನ್ನು ನೋಡಿತು. ನೂರಾರು ಮುಖಗಳು, ಎಲ್ಲವೂ ಅವಳ ಕನ್ನಡಕ್ಕಾಗಿ ಕಾಯುತ್ತಿದ್ದವು. ಗದ್ದೆಯ ಅಂಚಿನಲ್ಲಿ ವಾಲುತ್ತಾ ಹೋಗುವ ಶವಪೆಟ್ಟಿಗೆ ಕಣ್ಣೆದುರು ಬಂತು ಎಂದು ಆಮೇಲೆ ಅವಳು ತನಗೆ ತಾನೇ ಹೇಳಿಕೊಂಡಳು. ಸುಳ್ಳು. ಏನೂ ಬರಲಿಲ್ಲ. ಹೆದರಿಕೆಯೂ ಸರಿಯಾಗಿ ಬರುವ ಮೊದಲೇ ವಾಕ್ಯ ಬಂದಿತ್ತು, ತಿದ್ದಿ ತೀಡಿದ ವಾಕ್ಯ: "ಅಂದಿನ ಹೋರಾಟದಲ್ಲಿ ಜಾತಿ ಮತಗಳ ಭೇದವಿಲ್ಲದೆ ಎಲ್ಲರೂ ನೆರವಾದರು, ಕಾಪುವಿನ ಜನತೆಯ ಋಣವನ್ನು ಎಂದಿಗೂ ತೀರಿಸಲಾರೆ, ಈ ಗೌರವವನ್ನು ವಿನಮ್ರಳಾಗಿ ಸ್ವೀಕರಿಸುತ್ತೇನೆ ಎಂದು ನಮ್ಮ ಮಾವ್ಶಿಯವರು ಹೇಳುತ್ತಿದ್ದಾರೆ." ಹೇಳುತ್ತಲೇ ಅವಳ ಕೈ ಶಾಲನ್ನು ಒತ್ತಿ ಹಿಡಿಯಿತು. ಕ್ಯಾಮರಾಗಳು ಮಿಂಚಿದವು. ಮಾವ್ಶಿ ಕತ್ತೆತ್ತಿ ಅವಳನ್ನು ನೋಡಿದಳು. ಸ್ವಲ್ಪ ಹೊತ್ತಿನ ಬಳಿಕ ಎಡಗೈಯನ್ನು ಕೆಳಗಿಳಿಸಿದಳು.

ವೇದಿಕೆಯ ಕೆಳಗೆ ಸುಹೈಲ್ ನಿಂತಿದ್ದ. ಮಾವ್ಶಿ ಬರುತ್ತಾಳೆಂದು ಬಂದವನು, ಮೈದಾನದ ಗೋಡೆಗೆ ಒರಗಿಕೊಂಡು ಕೊನೆಯ ತನಕ ನಿಂತೇ ಇದ್ದ. ಗಾಲಿಕುರ್ಚಿಯನ್ನು ಮೆಟ್ಟಲಿಳಿಸಲು ಯಾರೂ ಕರೆಯದೆಯೇ ಬಂದು ಮುಂದಿನ ಗಾಲಿ ಹಿಡಿದ. ಮಾವ್ಶಿಯನ್ನು ಕಾರಿನೊಳಗೆ ಕೂರಿಸಿ, "ನಿಧಾನಕ್ಕೆ ಹೋಗಿ ಟೀಚರ್, ಸಂತೆಕಟ್ಟೆಯಲ್ಲಿ ರಸ್ತೆ ಅಗೆದಿದ್ದಾರೆ" ಎಂದ. ಅಷ್ಟೇ. ಕಟಪಾಡಿ ದಾಟಿದ ಮೇಲೆ ಗ್ಲ್ಯಾಡಿಸಳಿಗೆ ಫಕ್ಕನೆ ನೆನಪಾಯಿತು: ಸುಹೈಲ್ ಮಾವ್ಶಿಯ ಹತ್ತಿರ ಯಾವಾಗಲೂ ಮಾತಾಡುವುದು ಕೊಂಕಣಿಯಲ್ಲೇ. ಆಗಲೇ ಹಿಂದಿನ ಸೀಟಿನಿಂದ ಮಾವ್ಶಿ ಕೇಳಿದ್ದು, ಬೈಯುವ ದನಿಯಲ್ಲಲ್ಲ, ಮಗು ಕೇಳುವ ಹಾಗೆ: "ನನ್ನ ಮಾತು ಇನ್ನೂ ತೊದಲುತ್ತದಾ, ಗ್ಲ್ಯಾಡಿಸ್?"

"ಸ್ವಲ್ಪ," ಎಂದಿದ್ದಳು ಗ್ಲ್ಯಾಡಿಸ್. "ಮೈಕಿನಲ್ಲಿ ಸರಿ ಕೇಳಿಸಲಿಲ್ಲ."

ಈಗ ಮಧ್ಯಾಹ್ನ. ಗಂಜಿ ಉಪ್ಪಾಗಿತ್ತು, ಆದರೂ ಮಾವ್ಶಿ ಉಂಡಳು. ಪಾತ್ರೆ ತೊಳೆಯುತ್ತಿದ್ದ ಗ್ಲ್ಯಾಡಿಸಳಿಗೆ ಒಳಗಿನಿಂದ ವಿಚಿತ್ರವಾದ ಸದ್ದು ಕೇಳಿಸಿತು. ಯಾರೋ ಅಕ್ಷರ ಕಲಿಯುತ್ತಿರುವ ಹಾಗೆ. ನನ್. ನನ್ನ. ನನ್ನನ್ನು. ನಲ್ಲಿ ನಿಲ್ಲಿಸಿ ಬಾಗಿಲಿಗೆ ಬಂದಳು. ಮಾವ್ಶಿ ದಿಂಬಿಗೆ ಒರಗಿ ಕುಳಿತು, ಸೊಟ್ಟಗಾದ ಬಾಯಿಯ ಬಲತುದಿಯನ್ನು ಎಡಗೈಯ ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದು ಕನ್ನಡದ ಪದಗಳನ್ನು ಹೊರಡಿಸುತ್ತಿದ್ದಳು. ಜೊಲ್ಲು ಮಣಿಕಟ್ಟಿನ ವರೆಗೆ ಇಳಿದಿತ್ತು. ಇವಳನ್ನು ಕಂಡು ನಾಚಿದಂತೆ ಕೈ ತೆಗೆದು ಕೊಂಕಣಿಗೆ ತಿರುಗಿದಳು. "ಒಳ್ಳೆಯದಾಯ್ತು ಬಂದದ್ದು. ನಿನ್ನೆ ನಾನು ಹೇಳಿದೆನಲ್ಲ, ಅದನ್ನು ನನಗೆ ಕನ್ನಡದಲ್ಲಿ ಹೇಳಿಕೊಡು. ನಾನೇ ಹೇಳಿದರೆ ಆಗ್ತದೆ. ಆಗ ತೊದಲಿದರೂ ನನ್ನದೇ ತೊದಲು."

ಗೊತ್ತಿದ್ದೇ ಹೇಳುತ್ತಿದ್ದಾಳೋ, ಗೊತ್ತಿಲ್ಲದೆಯೋ? ಗ್ಲ್ಯಾಡಿಸ್ ಆ ಮುಖವನ್ನು ಹುಡುಕಿದಳು. ಪರೀಕ್ಷೆಯ ಹಿಂದಿನ ದಿನ ಹುಡುಗಿಯರ ಮುಖದಲ್ಲಿರುವ ಶ್ರದ್ಧೆಯ ಹೊರತು ಅಲ್ಲಿ ಏನೂ ಕಾಣಲಿಲ್ಲ. ಮಂಚದ ಅಂಚಿನಲ್ಲಿ ಕುಳಿತಳು. "ನನ್ನನ್ನು ಎತ್ತಿಕೊಂಡವನು," ಎಂದಳು. ತೀರಾ ಮೆಲ್ಲಗೆ. "ಗಟ್ಟಿಯಾಗಿ," ಎಂದಳು ಮಾವ್ಶಿ, "ಕಿವಿ ಮಂದ ಅಲ್ವಾ ನನಗೆ." ಗ್ಲ್ಯಾಡಿಸ್ ಗಟ್ಟಿಯಾಗಿ ಹೇಳಿದಳು. ಈ ಊರಿನ ಸುಲೈಮಾನ್ ಬ್ಯಾರಿ. ಅವನ ಬಾಗಿಲು ತೆರೆಯಿತು. ಅವನ ಮೊಮ್ಮಗನಿಗೆ ನೀವು ಜಾಗ ಇಲ್ಲ ಅಂದಿರಿ. ಮಾವ್ಶಿ ಒಂದೊಂದನ್ನೂ ಹಿಂಬಾಲಿಸಿ ಹೇಳುತ್ತಿದ್ದಳು, ಎಡವುತ್ತಾ, ಎದ್ದು ಮತ್ತೆ ನಡೆಯುತ್ತಾ. ನಿನ್ನೆ ಮೈಕಿನ ಮುಂದೆ ಅಷ್ಟು ಕಠಿಣವಾಗಿದ್ದ ಮಾತು ಇಲ್ಲಿ ಮಂಚದ ಮೇಲೆ ಎಷ್ಟು ಚಿಕ್ಕದು, ಎಷ್ಟು ಸುಲಭ ಎಂದು ಗ್ಲ್ಯಾಡಿಸಳಿಗೆ ಅನ್ನಿಸಿತು. ಒಂದನೇ ತರಗತಿಯ ಮಗುವೂ ಹೇಳಬಹುದು. ಅದಕ್ಕೆ ಶುದ್ಧ ಕನ್ನಡವೇ ಬೇಕಾಗಿರಲಿಲ್ಲ.

"ಈಗ ಆ ಹುಡುಗನಿಗೆ ಫೋನ್ ಮಾಡು. ಯೋಗೀಶನಿಗೆ."

ಬೇಡ ಎನ್ನಲು ಹತ್ತು ಕಾರಣಗಳಿದ್ದವು. ಒಂದೂ ಬಾಯಿಗೆ ಬರಲಿಲ್ಲ. ಯೋಗೀಶ ಎತ್ತಿಕೊಂಡು, "ಹೇಳಿ ಟೀಚರ್, ಪೇಪರ್ ನೋಡಿದ್ರಾ, ಎಷ್ಟು ಚಂದ ಬಂದಿದೆ" ಎಂದ. ಗ್ಲ್ಯಾಡಿಸ್ ಫೋನನ್ನು ಮಾವ್ಶಿಯ ಬಾಯಿಯ ಹತ್ತಿರ ಹಿಡಿದಳು. "ನನ್ನನ್ನು," ಎಂದಳು ಮಾವ್ಶಿ. ಮುಂದಿನದು ಬರಲಿಲ್ಲ. ಇನ್ನೊಮ್ಮೆ, "ನನ್ನನ್ನು." ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ನಾಲಗೆ ಕಲ್ಲಾಯಿತು. ಎಡಗೈಯಿಂದ ಫೋನನ್ನು ಗ್ಲ್ಯಾಡಿಸಳ ಕಡೆಗೆ ತಳ್ಳಿದಳು. ಗ್ಲ್ಯಾಡಿಸ್ ಅದನ್ನು ಕಿವಿಗಿಟ್ಟು, ಗೋಡೆಯನ್ನು ನೋಡುತ್ತಾ, ನಿನ್ನೆ ಮಾವ್ಶಿ ಹೇಳಿದ್ದನ್ನು ಮೊದಲಿನಿಂದ ಕೊನೆಯ ತನಕ ಹೇಳಿದಳು. ಹೇಳಿ, "ನಿನ್ನೆ ನಾನು ಹೇಳಿದ್ದು ಅವರ ಮಾತಲ್ಲ ಯೋಗೀಶ" ಎಂದಳು.

"ಗೊತ್ತುಂಟು ಟೀಚರ್," ಎಂದ ಯೋಗೀಶ. "ನಾನು ಸಂತೆಕಟ್ಟೆಯವನಲ್ವಾ. ನಮ್ಮ ಮನೆಯ ಎರಡೂ ಬದಿ ಪೊರ್ಬುಗಳ ಮನೆಯೇ, ನಿಮ್ಮ ಕ್ರಿಸ್ತುವರದ್ದೇ. ಕೊಂಕಣಿ ಮಾತಾಡಲಿಕ್ಕೆ ಅಷ್ಟು ಬರುವುದಿಲ್ಲ, ಕೇಳಿದರೆ ಎಲ್ಲ ಅರ್ಥ ಆಗ್ತದೆ. ನಮ್ಮ ಸಮಿತಿಯ ಅಧ್ಯಕ್ಷರದ್ದಂತೂ ಮನೆಮಾತೇ ಕೊಂಕಣಿ. ನಿನ್ನೆಯೇ ಎಲ್ಲರಿಗೂ ಅರ್ಥ ಆಗಿತ್ತು. ಟೀಚರ್ ಮರ್ಯಾದೆ ಉಳಿಸಿದರು ಅಂತ ನಾವು ಆಮೇಲೆ ಮಾತಾಡಿಕೊಂಡೆವು."

"ಮತ್ತೆ ಸುಹೈಲನ ಅಂಗಡಿ?"

"ಅದು ನನ್ನೊಬ್ಬನ ಕೈಯಲ್ಲಿ ಇಲ್ಲ ಟೀಚರ್. ನಿನ್ನೆ ವೇದಿಕೆಯಲ್ಲಿ ನೀವೇ ಹಾಗೆ ಹೇಳಿದ್ರಿ, ಪೇಪರಿನಲ್ಲೂ ಬಂತು. ಇನ್ನು ಇವತ್ತು ಹೀಗೆ ಅಂದರೆ ಯಾರು ಕೇಳ್ತಾರೆ? ಬಿಡಿ. ಅಮ್ಮನಿಗೆ ವಯಸ್ಸಾಯ್ತು."

"ಏನಂದ?" ಮಾವ್ಶಿ ಕೇಳಿದಳು. ನೋಡುತ್ತೇನೆ ಅಂದ, ಸಮಿತಿಯಲ್ಲಿ ಮಾತಾಡುತ್ತಾನಂತೆ: ವಾಕ್ಯ ಆಗಲೇ ತುಟಿಯ ಹಿಂದೆ ಬಂದು ಅಚ್ಚುಕಟ್ಟಾಗಿ ನಿಂತಿತ್ತು. ಗ್ಲ್ಯಾಡಿಸ್ ಅದನ್ನು ಆಡಲಿಲ್ಲ. ಯೋಗೀಶ ಹೇಳಿದ್ದನ್ನೆಲ್ಲ ಕೊಂಕಣಿಯಲ್ಲಿ ಹೇಳಿದಳು, ಒಂದನ್ನೂ ಬಿಡದೆ, ವಯಸ್ಸಾಯ್ತು ಎಂದದ್ದನ್ನೂ. ಆಮೇಲೆ, "ನಿನ್ನ ಮಾತು ತೊದಲಲಿಲ್ಲ ಮಾವ್ಶಿ. ಎಲ್ಲರಿಗೂ ಸರಿಯಾಗಿ ಕೇಳಿಸಿತ್ತು. ನಾನು ಸುಳ್ಳು ಹೇಳಿದೆ. ಅಲ್ಲಿಯೂ ಹೇಳಿದೆ, ಕಾರಿನಲ್ಲಿಯೂ ಹೇಳಿದೆ" ಎಂದಳು.

"ನನಗೆ ಹೇಳಿ ಏನು ಪ್ರಯೋಜನ?" ಎಂದಳು ಮಾವ್ಶಿ. "ಸುಹೈಲನಿಗೆ ಹೇಳು."

ಸುಹೈಲನ ಫೋನಿನ ಹಿಂದೆ ಮಕ್ಕಳ ಗಲಾಟೆ ಇತ್ತು. ಮಾವ್ಶಿಗೂ ಕೇಳಲೆಂದು ಗ್ಲ್ಯಾಡಿಸ್ ಸ್ಪೀಕರ್ ಹಾಕಿ ಫೋನನ್ನು ಮಂಚದ ಮೇಲಿಟ್ಟಳು. ಬೈಗುಳ ಬಂದರೆ ತೆಗೆದುಕೊಳ್ಳಲು ಸಿದ್ಧಳಾಗಿದ್ದಳು; ಬರಲಿ ಎಂದು ಆಸೆಯೂ ಇತ್ತು. ತಪ್ಪಾಯ್ತು ಸುಹೈಲ್, ನಿನ್ನೆ ನಾನು ಬೇಕೆಂದೇ ಬೇರೆ ಹೇಳಿದೆ, ಎನ್ನುತ್ತಿದ್ದಂತೆಯೇ ಅವನು ಅಡ್ಡ ಮಾತಾಡಿದ. "ಅಯ್ಯೋ, ಅದಕ್ಕೆ ಎಂತ ಬೇಸರ ಟೀಚರ್. ನಾನು ಆವಾಗಲೇ ಮನೆಯಲ್ಲಿ ಹೇಳಿದೆ, ಟೀಚರಿಗೆ ಬೇರೆ ದಾರಿ ಇರಲಿಲ್ಲ ಅಂತ. ನಿಮಗೂ ಇಲ್ಲಿಯೇ ಬದುಕಬೇಕಲ್ವಾ." ಅಮ್ಮನ ಊಟ ಆಯ್ತಾ ಎಂದು ಕೇಳಿದ, ಶುಕ್ರವಾರ ಬರುತ್ತೇನೆ ಎಂದ, ಇಟ್ಟ.

ಫೋನಿನ ಬೆಳಕು ಆರಿತು. ಗ್ಲ್ಯಾಡಿಸ್ ತಲೆಯೆತ್ತಲಿಲ್ಲ. ಅವನು ಒಂದು ಮಾತು ಬೈದಿದ್ದರೆ ಅದನ್ನು ಹಿ​ಡಿದುಕೊಂಡು ಎದ್ದು ನಿಲ್ಲಬಹುದಿತ್ತು. ಅವನೋ, ಅವಳಿಗಾಗಿ ತನ್ನ ಮನೆಯವರ ಮುಂದೆ ವಾದಿಸಿ, ಅವಳನ್ನು ಗೆಲ್ಲಿಸಿಯೂ ಆಗಿತ್ತು. ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಮಂಚ ಕಿರುಗುಟ್ಟಿತು, ಮಾವ್ಶಿ ಮಗ್ಗುಲು ಬದಲಿಸಿ ಗೋಡೆಯ ಕಡೆ ತಿರುಗುತ್ತಿದ್ದಳು.

"ಹಾಗಾದರೆ ಬದುಕು," ಎಂದಳು. ಕನ್ನಡದಲ್ಲಿ ಹೇಳಿದಳು. ಒಂದಕ್ಷರವೂ ತೊದಲಲಿಲ್ಲ.